ಮೊದಲು ಯಾರ ಬಳಿಗೆ?

ಅಡಿಕೆ ಕೊಯ್ಲಿಗೆ ಆಳುಗಳನ್ನು ಕರೆದೊಯ್ಯುತ್ತಿದ್ದ ಜೀಪು ಗುಡ್ಡದ ತಿರುವಿನಲ್ಲಿ ಮಗುಚಿತೆಂದು ಇಟ್ಟುಕೊಳ್ಳೋಣ. ಗಾಯಾಳುಗಳು ಒಂಬತ್ತು ಮಂದಿ, ಓಡಿಬಂದವರು ನಾವು ಮೂವರು. 108 ವಾಹನ ಪೇಟೆಯಿಂದ ಬರಬೇಕು. ನಾವೆಲ್ಲ ಧಾವಿಸುವುದು ಗಟ್ಟಿಯಾಗಿ ಕೂಗುವವನ ಬಳಿಗೆ. ಕೂಗಬೇಕಾದರೆ ಅವನಿಗೆ ಉಸಿರಿದೆಯಷ್ಟೆ! ಸದ್ದಿಲ್ಲದೆ ಬಿದ್ದವನ ಗತಿಯೇನು?

ಹೀಗೆ ಗಾಯಾಳುಗಳನ್ನು ವಿಂಗಡಿಸುವುದಕ್ಕೆ ಟ್ರಯಾಜ್ ಎಂದು ಹೆಸರು. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಲಾರೇ, ಪದವಿಯನ್ನು ನೋಡದೆ ಗಾಯವನ್ನು ನೋಡಿ ಸರದಿ ಕೊಟ್ಟವನು. 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚಿನಲ್ಲಿ ರೂಪುಗೊಂಡ 'ಸ್ಟಾರ್ಟ್' ಕ್ರಮವನ್ನು ವೈದ್ಯರಲ್ಲದವರೂ ಕಲಿಯಬಹುದು.

"ನಡೆಯಬಲ್ಲವರು ಆ ಮರದಡಿಗೆ ಬನ್ನಿ" ಎಂದು ಮೊದಲು ಕೂಗಿ ಹೇಳಬೇಕು. ಬಂದವರಿಗೆ ಹಸಿರು ಪಟ್ಟಿ. ಉಳಿದವರನ್ನು ಒಬ್ಬೊಬ್ಬರಾಗಿ, ತಲಾ ಒಂದು ನಿಮಿಷದೊಳಗೆ ನೋಡಬೇಕು. ಉಸಿರು ನಿಮಿಷಕ್ಕೆ 30ಕ್ಕಿಂತ ಹೆಚ್ಚಿದ್ದರೆ ಕೆಂಪು. ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ ಕೆಂಪು. "ನನ್ನ ಕೈ ಹಿಸುಕು" ಎಂದಾಗ ಹಿಸುಕದಿದ್ದರೂ ಕೆಂಪು. ಈ ಮೂರೂ ಸರಿಯಿದ್ದು ನಡೆಯಲಾರದವರು ಹಳದಿ. ರಕ್ತ ಚಿಮ್ಮುತ್ತಿದ್ದರೆ ಬಟ್ಟೆಯಿಂದ ಒತ್ತಿ, ಹಸಿರು ಪಟ್ಟಿಯವರೊಬ್ಬರ ಕೈಯನ್ನು ಅಲ್ಲಿಡಿಸಿ ಮುಂದೆ ಹೋಗಬೇಕು. ಯಾರಿಗೂ ಕುಡಿಯಲು ನೀರು ಕೊಡಬಾರದು. ಮಕ್ಕಳ ಲೆಕ್ಕ ಬೇರೆ, ಅದನ್ನು ತರಬೇತಿಯಲ್ಲೇ ಕಲಿಯಬೇಕು.

ಉಸಿರೇ ಇಲ್ಲದವನ ಗಲ್ಲ ಎತ್ತಿ ಉಸಿರಿನ ದಾರಿ ತೆರೆಯಬೇಕು. ಉಸಿರು ಬಂದರೆ ಕೆಂಪು, ಬಾರದಿದ್ದರೆ ಕಪ್ಪು. ಎಲ್ಲರೂ ತಡವರಿಸುವುದು ಇಲ್ಲಿಯೇ. ಅವನು ನೆರೆಮನೆಯವನಾಗಿರಬಹುದು, ಸ್ವಂತ ತಮ್ಮನೇ ಆಗಿರಬಹುದು. ಬಿಟ್ಟುಹೋಗುವುದು ಪಾಪವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲೇ ಕುಳಿತರೆ, ಬದುಕಬಹುದಾದ ಇನ್ನೊಬ್ಬನ ರಕ್ತ ಹರಿದುಹೋಗುತ್ತದೆ. ಆ ಸೋದರನ ಕೈ ಹಿಡಿದು ಪ್ರಾರ್ಥಿಸಲು ಹಸಿರು ಪಟ್ಟಿಯವರೊಬ್ಬರನ್ನು ಕೂರಿಸೋಣ. (ಗಾಯಾಳು ಒಬ್ಬನೇ ಇದ್ದರೆ ಈ ಮಾತು ಸಲ್ಲದು. ಅವನಿಗೆ ಉಸಿರಿಲ್ಲದಿದ್ದರೆ ಎದೆ ಒತ್ತುತ್ತಲೇ ಇರಬೇಕು.) ಒಂದು ಸುತ್ತು ಮುಗಿದ ಮೇಲೆ ಮತ್ತೊಮ್ಮೆ ನೋಡಬೇಕು, ಹಳದಿಯವನು ಕೆಂಪಾಗಿರಬಹುದು.

ಪೋಲೀಸು, ಕೋರ್ಟು ಎಂಬ ಹೆದರಿಕೆಯಿಂದ ಹಿಂಜರಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134ಎ ಕಲಮು, ಸದ್ಭಾವನೆಯಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಕಾಯಿದೆಯ ಇಂಗ್ಲಿಷಿನಲ್ಲಿ ಅವರಿಗಿಟ್ಟ ಹೆಸರು 'ಗುಡ್ ಸಮಾರಿಟನ್', ಸಂತ ಲೂಕನ ಶುಭಸಂದೇಶದ ನಮ್ಮ ಸಮಾರಿಯದವನೇ!

ಅಭ್ಯಾಸಕ್ಕೆ ಇಗರ್ಜಿಯ ಅಂಗಳ ಸಾಕು. ಯುವಜನರು ಗಾಯಾಳುಗಳಂತೆ ಮಲಗಲಿ. ಒಬ್ಬೊಬ್ಬರ ಕೈಯಲ್ಲೂ "ಉಸಿರು 36, ನಾಡಿ ಇದೆ" ಎಂಬಂಥ ಚೀಟಿ ಇರಲಿ. ಪಟ್ಟಿಗಳಿಗೆ ಹಳೆಯ ಸೀರೆಯ ತುಂಡುಗಳಾದೀತು. ಕೂಗುವ ಪಾತ್ರಕ್ಕೆ ಒಳ್ಳೆಯ ಗಂಟಲಿನವರನ್ನೇ ಆರಿಸಿ.