ಸಂಜೆ ಗೂಡಿನ ಲೆಕ್ಕ

ನಾಟಿ ಕೋಳಿಗೆ ಏನು ಮಹಾ ಆರೈಕೆ, ಬೆಳಗ್ಗೆ ಬಿಟ್ಟರೆ ಸಂಜೆ ತಾನೇ ಗೂಡಿಗೆ ಬರುತ್ತದೆ ಎನ್ನುವ ಮಾತಿನಲ್ಲಿ ಅರ್ಧ ನಿಜವಿದೆ. ಗೆದ್ದಲು, ಹುಳು, ಸೊಪ್ಪು, ಕಣದಲ್ಲಿ ಚೆಲ್ಲಿದ ರಾಗಿ, ಇವನ್ನೆಲ್ಲ ಕೆದಕಿ ತಿನ್ನುವುದನ್ನು ಅದಕ್ಕೆ ಯಾರೂ ಕಲಿಸಬೇಕಿಲ್ಲ. ಆದರೆ ನರಳುವುದನ್ನು ಅದು ತೋರಗೊಡುವುದಿಲ್ಲ. ಹದ್ದು, ಮುಂಗುಸಿಗಳ ಬಾಯಿಗೆ ಬೀಳುವ ಜೀವ. ಸೋತದ್ದು ಕಂಡರೆ ಜೊತೆಯವೇ ಕುಕ್ಕುತ್ತವೆ. ಹಾಗಾಗಿ ಕೈಲಾಗುವ ತನಕ ಗುಂಪಿನಲ್ಲಿ ಕೆದಕುತ್ತಲೇ ಇರುತ್ತದೆ. ಮೂಲೆಯಲ್ಲಿ ಮುದುಡಿ ಕೂತದ್ದು ನಮಗೆ ಕಾಣುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ಕೋಳಿ ಸಾಕಿ ನಾನು ಕಲಿತದ್ದು ಇದನ್ನೇ: ಕಾಳು ಎರಚುವುದರಲ್ಲಿ ಅಕ್ಕರೆ ಹೆಚ್ಚೇನೂ ಇಲ್ಲ, ಅದು ಇರುವುದು ದಿನದಿನದ ಚಾಕರಿಯಲ್ಲಿ.

ಗೂಡು ಗುಡಿಸುವುದನ್ನೇ ನೋಡಿ. ರಾತ್ರಿ ಕೂರುವ ಕೋಲಿನ ಕೆಳಗಿನ ಹಿಕ್ಕೆ ಗಟ್ಟಿಯಿದ್ದು ಮೇಲೆ ಬೆಳ್ಳಗಿದ್ದರೆ ಚಿಂತೆಯಿಲ್ಲ. ನೀರಾಗಿ ಹಸಿರು ತಿರುಗಿದ್ದರೆ ಒಂದೊಂದನ್ನೂ ಹಿಡಿದು ನೋಡಬೇಕು. ಸೊಪ್ಪು ಹೆಚ್ಚು ತಿಂದಾಗಲೂ ಹಸಿರಾಗುವುದುಂಟು. ಆದರೆ ಕೊಕ್ಕರೆ ರೋಗದ ಗುರುತೂ ಅದೇ, ಅದು ಬಂದ ಮೇಲೆ ಔಷಧಿಯಿಲ್ಲ, ಮೊದಲೇ ಹಾಕಿಸಿದ ಲಸಿಕೆಯೊಂದೇ ಕಾಯುವುದು. ಹಿಡಿದು ನೋಡಲು ಸಂಜೆಯೇ ಸರಿ. ಮಬ್ಬಾದರೆ ಕೋಳಿಗೆ ಕಣ್ಣು ಸರಿಯಾಗಿ ಕಾಣದು. ಹಗಲೆಲ್ಲ ಬೇಲಿ ಹಾರಿ ಓಡಿದ್ದು ಆಗ ಸುಮ್ಮನೆ ಎತ್ತಿಸಿಕೊಳ್ಳುತ್ತದೆ. ಕುತ್ತಿಗೆಯ ಬುಡದಲ್ಲಿ ಕಾಳು ತುಂಬಿಕೊಳ್ಳುವ ಚೀಲ ಸಂಜೆ ಉಬ್ಬಿರಬೇಕು, ಬೆಳಗ್ಗೆ ಬರಿದಾಗಿರಬೇಕು. ಎದೆಮೂಳೆ ಚೂಪಾಗಿ ಕೈಗೆ ತಾಗಿದರೆ ಮೈ ಇಳಿದಿದೆ. ರೆಕ್ಕೆಯ ಸಂದಿಯಲ್ಲಿ ಹೇನು ಹರಿದಾಡಿದರೆ ಹೊರಳಾಡಲು ಬೂದಿ, ಒಣಮಣ್ಣು ಒದಗಿಸಬೇಕು. ಎಣಿಸಿ ಬಾಗಿಲು ಹಾಕುವಷ್ಟರಲ್ಲಿ ಇಷ್ಟೂ ಆಗಿಹೋಗುತ್ತದೆ.

ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಡುವ ನಾಟಿಗೆ ಇಷ್ಟೆಲ್ಲ ಏಕೆ, ಗಿರಿರಾಜ, ಸ್ವರ್ಣಧಾರ ತನ್ನಿ ಎನ್ನುವವರಿದ್ದಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಆ ತಳಿಗಳು ಎರಡು ಪಟ್ಟಿಗೂ ಹೆಚ್ಚು ಇಡುತ್ತವೆ, ಒಪ್ಪಿದೆ. ಆದರೆ ಅವು ಕಾವಿಗೆ ಕೂರುವುದು ಅಪರೂಪ, ಮರಿಗೆ ಮತ್ತೆ ದುಡ್ಡು ಕೊಡಬೇಕು. ಗಿರಿರಾಜವಂತೂ ಮೈಭಾರದಿಂದ ಬೇಗ ಓಡಲಾರದು, ಹಾರಲಾರದು. ನಾಟಿ ಹೇಂಟೆ ಮೊಟ್ಟೆ ನಿಲ್ಲಿಸಿ 21 ದಿನ ಕಾವು ಕೊಡುತ್ತದೆ, ಆಮೇಲೆ ವಾರಗಟ್ಟಲೆ ಮರಿ ಮೇಯಿಸುತ್ತದೆ. ಲೆಕ್ಕದಲ್ಲಿ ನಷ್ಟವೆಂದು ಬರೆದ ಆ ದಿನಗಳಲ್ಲೇ ಮುಂದಿನ ಹಿಂಡು ತಯಾರಾಗುವುದು. ತಳಿ ಯಾವುದಾದರೂ ಸಂಜೆಯ ಕೆಲಸ ತಪ್ಪುವುದಿಲ್ಲ, ಅದು ಬೇರೆ ಮಾತು.

ಕೊನೆಗೆ ಸಾರಿಗೆ ಹೋಗುವ ಕೋಳಿಯ ಮೇಲೆ ಎಂಥ ಅಕ್ಕರೆ ಎಂಬ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಅದನ್ನು ಪೂರ್ತಿ ಅಳಿಸಿಹಾಕುವ ಉತ್ತರ ನನ್ನಲ್ಲಿಲ್ಲ. ಆದರೆ ಅಂಗಡಿಯ ಬ್ರಾಯ್ಲರ್ ಸುಮಾರು ಆರು ವಾರಕ್ಕೆ ಕತ್ತಿಗೆ ಬರುತ್ತದೆ; ಮಣ್ಣು ಕೆದಕಿರುವುದಿಲ್ಲ, ಅದೊಂದನ್ನೇ ಎತ್ತಿ ಎದೆಮೂಳೆ ಮುಟ್ಟಿ ನೋಡಿದವರೂ ಇರುವುದಿಲ್ಲ. ಹಿತ್ತಲ ಕೋಳಿಗೆ ಸಾವು ತಪ್ಪದಿದ್ದರೂ ಬದುಕಿದಷ್ಟು ದಿನ ಬಾಯಾರಿಕೆ, ಭಯ, ರೋಗ ಯಾರ ಕಣ್ಣಿಗೂ ಬೀಳದೆ ಹೋಗಬಾರದು. ನಾವು ಕೊಡಬಹುದಾದದ್ದು ಅಷ್ಟು. ಅಷ್ಟನ್ನೂ ಕೊಡಲು ಪುರುಸೊತ್ತಿಲ್ಲದವರು, ಹೊತ್ತು ಮುಳುಗುವಾಗ ಮನೆಯಲ್ಲಿ ಒಬ್ಬರೂ ಇರದವರು, ದಯವಿಟ್ಟು ಕೋಳಿ ತರಬೇಡಿ.