ಪಿಕಪ್ ಎತ್ತರಿಸುವ ಮುನ್ನ

ಹೈಲಕ್ಸ್, ವಿ-ಕ್ರಾಸ್‌ನಂಥ ಪಿಕಪ್ಪನ್ನು 2 ಇಂಚು ಎತ್ತರಿಸುವ ಆಸೆಯೇ? ಇವುಗಳಿಗೆ ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್; ಎರಡಕ್ಕೂ ಬೇರೆಬೇರೆ ಸಾಮಾನು. ಕೊಳ್ಳುವ ಮೊದಲು ಹಿಂದೆ ಸದಾ ಎಷ್ಟು ಹೊರೆ ಇರುತ್ತದೆಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಖಾಲಿ ಓಡುವ ಗಾಡಿಗೆ ಭಾರದ ಸ್ಪ್ರಿಂಗ್ ಹಾಕಿಸಿದರೆ ಪೆಟ್ಟು ನಿಮ್ಮ ಸೊಂಟಕ್ಕೇ. ಶಾಕ್ ಅಬ್ಸಾರ್ಬರೂ ಹೊಸ ಎತ್ತರಕ್ಕೆ ಹೊಂದುವಷ್ಟು ಉದ್ದವಿರಲಿ. ಲೀಫ್ ಸ್ಪ್ರಿಂಗನ್ನು ಹಿಡಿದಿಡುವ ಯು-ಬೋಲ್ಟ್ ಬಿಚ್ಚಿದರೆ ಅದನ್ನೇ ಮತ್ತೆ ಬಿಗಿಯಲು ಬಿಡಬೇಡಿ. ಒಮ್ಮೆ ಬಿಗಿದಾಗಲೇ ಅದು ಹಿಗ್ಗಿರುತ್ತದೆ, ಹೊಸದೇ ಬೇಕು. ಚಕ್ರ ಪೂರ್ತಿ ಇಳಿಬಿದ್ದಾಗ ಬ್ರೇಕ್ ಹೋಸ್ ಬಿಗಿಯಾಗಿ ಎಳೆಯುತ್ತದೆಯೇ, ಬಗ್ಗಿ ನೋಡಿ. ಆಮೇಲೆ ಅಲೈನ್‌ಮೆಂಟ್ ಮಾಡಿಸಿ; ಚಕ್ರದ ಕೋನಗಳಾದ ಕ್ಯಾಂಬರ್, ಕ್ಯಾಸ್ಟರ್ ಸರಿಹೋಗದಿದ್ದರೆ ಮೇಲಿನ ಕಂಟ್ರೋಲ್ ಆರ್ಮನ್ನೂ ಬದಲಿಸಬೇಕಾದೀತು. ಅಂದಹಾಗೆ, ಗಾಡಿಯ ಮಾರ್ಪಾಡನ್ನು ನಿರ್ಬಂಧಿಸುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಂದಿದೆ. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸದೆ ಸ್ಪ್ಯಾನರ್ ಎತ್ತಿಸಬೇಡಿ.