ಬೈದವನಿಗೆ ಕಿವಿ ಕೊಡಬೇಡ ಮಗಾ

ನೀನು ಮೊಬೈಲಿನಲ್ಲಿ ಆಟ ಆಡುವುದಕ್ಕೆ ನನ್ನ ತಕರಾರಿಲ್ಲ. 2019ರ ಮಾರ್ಚ್‌ನಲ್ಲಿ ರಾಜಕೋಟ್, ಸೂರತ್, ಅಹಮದಾಬಾದ್ ಪೊಲೀಸರು ಪಬ್‌ಜಿ ಆಡಕೂಡದೆಂದು ಆದೇಶ ಹೊರಡಿಸಿದ್ದರು. ರಾಜಕೋಟ್‌ನಲ್ಲಿ ಆಡುತ್ತಿದ್ದ ಹುಡುಗರನ್ನು ಹಿಡಿದೂ ಇದ್ದರು. ಅದು ಅತಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಅದರ ಹಿಂದಿನ ವರ್ಷವಷ್ಟೇ ಇದೇ ಗುಜರಾತಿನ ಭುಜ್‌ನ ಹುಡುಗ ತೀರ್ಥ್ ಮೆಹ್ತಾ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ, ಪ್ರದರ್ಶನಕ್ಕೆಂದು ಸೇರಿಸಿದ್ದ ಇ-ಸ್ಪೋರ್ಟ್ಸ್‌ನಲ್ಲಿ, ಕಂಚು ಗೆದ್ದು ಬಂದಿದ್ದ. ಆಟ ಕೆಟ್ಟದ್ದಲ್ಲ. ನನಗೆ ಚಿಂತೆ ನಿನ್ನ ಇಯರ್‌ಫೋನಿನೊಳಗೆ ಬರುವ ಮಾತಿನದು.

ಊಟಕ್ಕೆ ಕರೆದರೆ "ಒಂದೇ ಮ್ಯಾಚು ಅಜ್ಜಾ" ಅನ್ನುತ್ತೀಯ. ಆ ಮ್ಯಾಚು ಮುಗಿಸಿ ಮುಖ ಗಂಟಿಕ್ಕಿಕೊಂಡು ತಟ್ಟೆ ಮುಂದೆ ಕೂರುತ್ತೀಯ. ಯಾವನೋ ನೂಬ್ ಅಂದ, ಇನ್ನೊಬ್ಬ ನಿನ್ನ ಹಿಂದಿ ಕೇಳಿ ಮದ್ರಾಸಿ ಅಂದ, ಮತ್ತೊಬ್ಬ ಅಮ್ಮನನ್ನು ಎಳೆದ. ನೀನೂ ಸುಮ್ಮನಿರುವ ಆಸಾಮಿಯಲ್ಲ. ಯಾರಿಗೆ ತಿಳಿಯುತ್ತದೆ ಅಂತ ಅಚ್ಚಕನ್ನಡದಲ್ಲಿ ಬಯ್ದೆ. ಅವನಿಗೆ ತಿಳಿಯಲಿಲ್ಲ, ಸರಿ. ಪಕ್ಕದಲ್ಲೇ ಕೂತಿದ್ದ ನಿನ್ನ ಪುಟ್ಟ ತಂಗಿಗೆ ತಿಳಿಯಿತಲ್ಲ! ಮೊನ್ನೆ ಅದೇ ಮಾತನ್ನು ಗೊಂಬೆಗೆ ಹೇಳುತ್ತಿದ್ದಳು.

ಬೈಗುಳದಲ್ಲೂ ತರಾವರಿ ಇದೆ, ತಿಳಿದುಕೋ. ಸೂರತ್ತಿನವರ ಮಾತು ಕೇಳಿದ್ದೀಯಲ್ಲ? ಗೆಳೆಯನಿಗೆ ಚಹಾ ಕೊಡಿಸುವಾಗಲೂ ಒಂದು ಬೈಗುಳ ಉದುರುತ್ತದೆ. ಅದರಲ್ಲಿ ಸಿಟ್ಟಿಲ್ಲ, ಸಲಿಗೆಯಿದೆ. ಅಂಥದ್ದಕ್ಕೆ ಮೈ ಉರಿಸಿಕೊಳ್ಳಬೇಡ. ಸೋತ ಸಿಟ್ಟಿಗೆ ಒದರುವವನನ್ನೂ ಬಿಟ್ಟುಬಿಡು, ಮುಂದಿನ ಮ್ಯಾಚಿಗೆ ತಣ್ಣಗಾಗುತ್ತಾನೆ. ಬೇಕೆಂದೇ ಕೆಣಕುವವನಿಗೆ ಮಾತ್ರ ನಿನ್ನ ಉತ್ತರ ಬೇಕು. ಅದನ್ನು ಕೊಡಲೇಬೇಡ. ಅವನ ಹೆಸರಿನ ಮುಂದಿನ ಮೈಕ್ ಗುರುತು ಒತ್ತಿ ಬಾಯಿ ಮುಚ್ಚಿಸು, ಮ್ಯಾಚು ಮುಗಿದ ಮೇಲೆ ರಿಪೋರ್ಟ್ ಮಾಡು, ಆಟ ನೋಡಿಕೋ. ಪಬ್‌ಜಿಯ ಬದಲಿಗೆ ನೀನಾಡುವ ಈ ಬಿಜಿಎಂಐ ಆಟ ಬಂದಾಗ ಹದಿನೆಂಟು ತುಂಬದವರಿಗೆ ದಿನಕ್ಕೆ 3 ಗಂಟೆ ಅಂತ ಕಟ್ಟು ಹಾಕಿದ್ದರು. ಅದರಲ್ಲೂ ಅರ್ಧ ಜಗಳಕ್ಕೇ ಹೋದರೆ ಆಡುವುದು ಯಾವಾಗ? ನಿನ್ನ ಶಾಲೆ, ಸೊಸೈಟಿ ಹೆಸರು ಮಾತ್ರ ಯಾರಿಗೂ ಹೇಳಬೇಡ. ಯಾರಾದರೂ ಹೆದರಿಸಿದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಅಪ್ಪನಿಗೆ ತೋರಿಸು. ಬಯ್ಯುತ್ತಾರೆ ಅಂತ ಬಚ್ಚಿಡಬೇಡ, ನಾನಿದ್ದೇನೆ.

ಕೆಣಕುವುದು ಮೊಬೈಲಿನಲ್ಲಷ್ಟೇ ಇಲ್ಲ. ಇಲ್ಲಿ ಗುಜರಾತಿನ ಉತ್ತರಾಯಣದ ಗಾಳಿಪಟ ನೋಡು. ಜನವರಿ 14ರಂದು ಅಹಮದಾಬಾದಿನ ಪೋಳ ಅನ್ನುವ ಹಳೇ ಓಣಿಗಳ ಮಾಳಿಗೆ ಮೇಲೆ ದಾರ ಕಡಿದವನು "ಕಾಯ್ಪೋ ಛೆ" ಅಂತ ಊರು ಕೇಳುವಂತೆ ಕೂಗುತ್ತಾನೆ, ಪೀಪಿ ಊದುತ್ತಾನೆ, ಅಣಕಿಸುತ್ತಾನೆ. ಅಷ್ಟಾದರೂ ಮಾತು ಒಂದು ಹದ ದಾಟುವುದಿಲ್ಲ. ಯಾಕೆಂದರೆ ಪಟ ಕಳಕೊಂಡವನು ಎದುರು ಮಾಳಿಗೆಯಲ್ಲೇ ನಿಂತಿದ್ದಾನೆ. ಮಧ್ಯಾಹ್ನ ಅವನ ಮನೆಯಿಂದಲೇ ಊಂಧಿಯು ಪಲ್ಯ ಬರಬೇಕು. ಮೊಬೈಲಿನಲ್ಲಿ ಆ ಮುಖ ಕಾಣುವುದಿಲ್ಲ, ನಾಲಿಗೆ ಸಡಿಲವಾಗುತ್ತದೆ. ಅವನದೂ, ನಿನ್ನದೂ.

ನನಗೆ ಸಂಕಟವಾಗುವ ಮಾತೊಂದಿದೆ. ವಡೋದರದ ಹಾಸ್ಟೆಲಿನಲ್ಲಿರುವ ನಿನ್ನ ಅಕ್ಕ ನಿನಗಿಂತ ಚೆನ್ನಾಗಿ ಆಡುತ್ತಾಳೆ. ಇದು ನಿನಗೂ ಗೊತ್ತು. ಅವಳು ಮೈಕ್ ಆನ್ ಮಾಡುವುದೇ ಇಲ್ಲ. ಹುಡುಗಿಯ ದನಿ ಕೇಳಿದ್ದೇ ತಡ, ಒಬ್ಬ ನಂಬರ್ ಕೇಳುತ್ತಾನೆ, ಇನ್ನೊಬ್ಬ ಹೊಲಸು ಮಾತಾಡುತ್ತಾನೆ, ಉಳಿದವನು ಹಿ ಹಿ ಅನ್ನುತ್ತಾನೆ. ನನ್ನ ಸಿಟ್ಟು ಹೆಚ್ಚು ಆ ಹಿ ಹಿ ಅನ್ನುವವನ ಮೇಲೆ. ಅವನು ಒಳ್ಳೆ ಮನೆಯ ಹುಡುಗನೇ ಇರುತ್ತಾನೆ, ನಿನ್ನ ಹಾಗೆ. ನಿನಗೆ ಬಿದ್ದ ಬೈಗುಳ ನುಂಗಿಕೋ ಅಂದೆನಲ್ಲ, ಇದನ್ನು ನುಂಗಬೇಡ. "ಸಾಕು ಮಾಡೋ" ಅಂತ ಒಂದು ಮಾತು ಹೇಳಿ, ರಿಪೋರ್ಟ್ ಮಾಡಿ, ಅವಳ ಜೊತೆ ನೀನೂ ಆ ಸ್ಕ್ವಾಡಿನಿಂದ ಎದ್ದು ಬಾ. ರ‍್ಯಾಂಕ್ ನಾಲ್ಕು ಅಂಕ ಇಳಿದರೆ ಇಳಿಯಲಿ.

ಇವತ್ತು ರಾತ್ರಿ ಅಕ್ಕನನ್ನೂ ಸ್ಕ್ವಾಡಿಗೆ ಕರಿ. ಮೈಕ್ ಆನ್ ಮಾಡು, ನಾನಿದ್ದೇನೆ ಅಂತ ಹೇಳು.